‘ಹಾರುವ ತಟ್ಟೆ’ ಎಂಬ ಮಾತಿನ ಉತ್ಪತ್ತಿಯೂ ಇರುಳ ಬೆಳಕುಗಳ ಸೈನಿಕ ವಿಚಾರಣೆಯೂ

ಆಕಾಶದಲ್ಲಿ ಅಪೂರ್ವವಾದ ಬೆಳಕೊಂದು ಕಾಣಿಸಿಕೊಂಡರೆ ಅದರ ಅರ್ಥವೇನೆಂದು ವಿಚಾರಿಸುವುದು ಬಹು ಪುರಾತನ ಕಾಲದಿಂದಲೂ ರಾಜ್ಯಾಂಗಕ್ಕೆ ಸೇರಿದ ಕಾರ್ಯವಾಗಿ ನಡೆದುಬಂದಿದೆ. ವರಾಹಮಿಹಿರನು ಬೃಹತ್ಸಂಹಿತೆಯಲ್ಲಿ ಉಲ್ಕೆಗಳಿಗಾಗಿಯೇ ಒಂದು ಅಧ್ಯಾಯವನ್ನು ಮೀಸಲಾಗಿಟ್ಟು, ಅವುಗಳನ್ನು ಧಿಷ್ಣ್ಯೆ, ಉಲ್ಕೆ, ಅಶನಿ, ವಿದ್ಯುತ್ತು, ತಾರೆ ಎಂದು ಐದು ಬಗೆಯಾಗಿ ವಿಂಗಡಿಸಿ, ಅವುಗಳ ಫಲವನ್ನು ವಿವರಿಸಿರುವುದು ವಾಚಕರಿಗೆ ವಿದಿತವಾಗಿಯೇ ಇದೆ. ಇಪ್ಪತ್ತನೆಯ ಶತಮಾನದಲ್ಲಿ ಈ ಕಾರ್ಯವು ಜೋಯಿಸರ ಕೈಬಿಟ್ಟು ಸೇನೆಗಳ ಕೈಗೆ ಬಂದಿತು. ವಿಮಾನವು ಯುದ್ಧಸಾಧನವಾದ ಮೇಲೆ, ಇರುಳಿನಲ್ಲಿ ಕಾಣುವ ಗುರುತಿಲ್ಲದ ಬೆಳಕು ದೈವದ ಸೂಚನೆಯಾಗಿ ಉಳಿಯದೆ ಶತ್ರುವಿನ ಸೂಚನೆಯಾಯಿತು. ಅಮೆರಿಕದ ಸಂಯುಕ್ತ ಸಂಸ್ಥಾನಗಳ ವಾಯುಸೇನೆಯು ೧೯೪೮ರಿಂದ ೧೯೬೯ರವರೆಗೆ ಇಂತಹ ದರ್ಶನಗಳನ್ನು ಎಡೆಬಿಡದೆ ವಿಚಾರಿಸಿತು. ನಮ್ಮ ಸೇನೆಯೂ ೨೦೧೨-೧೩ರಲ್ಲಿ ಲಡಾಖಿನ ಗಡಿಯಲ್ಲಿ ಇಂತಹುದೇ ಒಂದು ವಿಚಾರಣೆಯನ್ನು ಮಾಡಬೇಕಾಗಿ ಬಂದಿತು.

ಈ ವಿಷಯಕ್ಕೂ ಭಾಷಾಸಾಹಿತ್ಯಗಳಿಗೆ ಮೀಸಲಾದ ಪತ್ರಿಕೆಗೂ ಏನು ಸಂಬಂಧವೆಂದು ಕೆಲವರು ಕೇಳಬಹುದು. ಸಂಬಂಧವುಂಟು. ಸೈನಿಕ ವಿಚಾರಕರ ಎದುರಿನಲ್ಲಿ ಆ ವಸ್ತು ಎಂದೂ ಇರಲಿಲ್ಲ. ಇದ್ದದ್ದು ಅದನ್ನು ಕಂಡವರ ಮಾತು. ಕವಿಯ ಸ್ವಹಸ್ತಪ್ರತಿಯು ನಷ್ಟವಾಗಿ ಲಿಪಿಕಾರರ ಪ್ರತಿಗಳು ಮಾತ್ರ ಉಳಿದಿರುವಾಗ ಗ್ರಂಥಸಂಪಾದಕನು ಯಾವ ಸ್ಥಿತಿಯಲ್ಲಿರುವನೋ ಅವರೂ ಅದೇ ಸ್ಥಿತಿಯಲ್ಲಿದ್ದರು. ಕಂಡದ್ದು ಮಾತಾಗುವಾಗ ಏನು ಸೇರಿತು, ಏನು ಬಿಟ್ಟುಹೋಯಿತು ಎಂಬುದನ್ನು ಊಹಿಸಿ ಅವರು ಮೂಲಕ್ಕೆ ಹೋಗಬೇಕಾಗಿತ್ತು. ಆ ವಿಚಾರಣೆಗಳ ಇತಿಹಾಸವನ್ನು ಓದಿದವರು ಸಾಮಾನ್ಯವಾಗಿ ‘ಅನ್ಯಲೋಕದವರು ಬಂದರೋ ಇಲ್ಲವೋ’ ಎಂಬ ಒಂದೇ ಪ್ರಶ್ನೆಯನ್ನು ಕೇಳುವರು. ಪ್ರಕೃತ ಲೇಖನದ ಪ್ರಶ್ನೆ ಬೇರೆ. ಸಾಕ್ಷಿಗಳು ಬಳಸಿದ ಉಪಮಾನಗಳೂ ವಿಚಾರಕರು ಇಟ್ಟ ಹೆಸರುಗಳೂ ನಿರ್ಣಯವನ್ನು ಎಷ್ಟರಮಟ್ಟಿಗೆ ನಡೆಸಿದುವು ಎಂಬುದನ್ನು ನೋಡುವುದೇ ಇಲ್ಲಿನ ಉದ್ದೇಶ.

ಮೊದಲು ಒಂದು ಪರಿಭಾಷೆಯನ್ನು ಸಿದ್ಧಪಡಿಸಿಕೊಳ್ಳುವುದು ಒಳ್ಳೆಯದು. ನೈಯಾಯಿಕರು ಸಂಶಯಕ್ಕೆ ಕೊಡುವ ಉದಾಹರಣೆ ಪ್ರಸಿದ್ಧವಾಗಿದೆ: ಮಬ್ಬಿನಲ್ಲಿ, ದೂರದಲ್ಲಿ, ನೆಟ್ಟಗೆ ನಿಂತಿರುವುದೊಂದು ಕಾಣುತ್ತದೆ, ಅದು ಮೋಟುಮರವೋ ಮನುಷ್ಯನೋ ತಿಳಿಯದು. ಎತ್ತರವೂ ದಪ್ಪವೂ ಎರಡಕ್ಕೂ ಸಮಾನ; ಪೊಟರೆಯಾಗಲಿ ಕೈಕಾಲುಗಳಾಗಲಿ ಕಾಣಿಸುತ್ತಿಲ್ಲ. ಗೌತಮನ ಮತದಲ್ಲಿ ಸಂಶಯವೆಂದರೆ ವ್ಯಾವರ್ತಕವಾದ ಒಂದು ವಿಶೇಷವನ್ನು ಎದುರುನೋಡುತ್ತಿರುವ ಜ್ಞಾನ. ಅದು ನೋಡುವವನ ಅವಸ್ಥೆಯೇ ಹೊರತು ನೋಡಲ್ಪಟ್ಟ ವಸ್ತುವಿನ ಧರ್ಮವಲ್ಲ. ಮರವೂ ಅಲ್ಲದ ಮನುಷ್ಯನೂ ಅಲ್ಲದ ಮೂರನೆಯದೊಂದು ಅಲ್ಲಿ ನಿಂತಿದೆಯೆಂದು ಯಾವ ನೈಯಾಯಿಕನೂ ಹೇಳಲಿಲ್ಲ. ಆಲಂಕಾರಿಕರೂ ಹೀಗೆಯೇ ಸಸಂದೇಹವನ್ನು ಒಂದು ಕಡೆಗೂ, ಒಂದನ್ನು ಮತ್ತೊಂದೆಂದೇ ತಿಳಿದುಬಿಡುವ ಭ್ರಾಂತಿಮಂತವನ್ನು ಇನ್ನೊಂದು ಕಡೆಗೂ ಇಟ್ಟು ಎಣಿಸಿದರು. ಈ ಭೇದವನ್ನು ಮನಸ್ಸಿನಲ್ಲಿಟ್ಟುಕೊಂಡರೆ ಮುಂದಿನ ಸಂಗತಿಗಳು ಸುಲಭವಾಗಿ ತಿಳಿಯುವುವು.

ಯುದ್ಧಕಾಲದ ಭೀತಿಯು ಈ ಸಂದೇಹವನ್ನು ಎಷ್ಟು ಬೇಗ ಭ್ರಾಂತಿಯಾಗಿ ಮಾರ್ಪಡಿಸಬಲ್ಲುದೆಂಬುದಕ್ಕೆ ಲಾಸ್ ಏಂಜಲೀಸ್ ನಗರದ ಪ್ರಸಂಗವನ್ನು ನೋಡಬಹುದು. ಪರ್ಲ್ ಹಾರ್ಬರಿನ ಮೇಲೆ ಜಪಾನೀಯರ ದಾಳಿಯಾಗಿ ಮೂರು ತಿಂಗಳೂ ತುಂಬಿರಲಿಲ್ಲ. ೧೯೪೨ರ ಫೆಬ್ರವರಿ ೨೪-೨೫ರ ನಡುವಿನ ರಾತ್ರಿ ಆ ನಗರದ ಮೇಲೆ ಶತ್ರುವಿಮಾನಗಳು ಬಂದವೆಂಬ ಸುದ್ದಿ ಹುಟ್ಟಿ, ದೀಪಗಳು ಆರಿ, ಶೋಧಕದೀಪಗಳ ಕಿರಣಗಳು ಒಂದೆಡೆ ಕೂಡಿದಲ್ಲಿಗೆಲ್ಲ ವಿಮಾನವಿರೋಧಿ ತೋಪುಗಳು ಗುಂಡು ಹಾರಿಸಿದುವು. ಬೆಳಗಾಗುವುದರೊಳಗೆ ೧,೪೦೦ಕ್ಕೂ ಮಿಕ್ಕ ಗುಂಡುಗಳು ವ್ಯಯವಾಗಿದ್ದುವು. ಬಿದ್ದ ಶತ್ರುವಿಮಾನ ಒಂದೂ ಇಲ್ಲ. ಕತ್ತಲೆಯ ಗಲಿಬಿಲಿಯಲ್ಲಿ ವಾಹನಗಳ ಅಪಘಾತದಿಂದಲೂ ಹೃದಯಾಘಾತದಿಂದಲೂ ಸತ್ತ ನಾಗರಿಕರು ಮಾತ್ರ ಉಂಟು. ಮೊದಲ ಗುಂಡಿಗೆ ಕಾರಣ ಹವಾವೀಕ್ಷಣೆಯ ಒಂದು ಬೆಲೂನಾಗಿದ್ದಿರಬೇಕೆಂದೂ, ಆಮೇಲೆ ತೋಪಿನ ಗುಂಡುಗಳ ಹೊಗೆಯೇ ವಿಮಾನವಾಗಿ ಕಂಡಿತೆಂದೂ ವಾಯುಸೇನೆಯ ಇತಿಹಾಸಕಾರರು ೧೯೮೩ರಲ್ಲಿ ಅಭಿಪ್ರಾಯಪಟ್ಟರು. ಬೆಳಕನ್ನು ತಪ್ಪಾಗಿ ಓದುವುದು ಪಾಂಡಿತ್ಯದ ದೋಷ ಮಾತ್ರವಲ್ಲ, ಪ್ರಾಣಕ್ಕೂ ಬರತಕ್ಕದ್ದು ಎಂಬುದನ್ನು ಇದರಿಂದ ಕಾಣಬಹುದು.

ಅದೇ ಯುದ್ಧದಲ್ಲಿ, ೧೯೪೪ರ ನವೆಂಬರಿನಿಂದ, ಯೂರೋಪಿನ ಮೇಲೆ ಇರುಳಿನಲ್ಲಿ ಹಾರುತ್ತಿದ್ದ ಅಮೆರಿಕದ ಚಾಲಕರು ತಮ್ಮ ವಿಮಾನಗಳನ್ನು ಬೆಳಕಿನ ಉಂಡೆಗಳು ಹಿಂಬಾಲಿಸುತ್ತಿವೆಯೆಂದು ವರದಿ ಮಾಡಿ, ಅವಕ್ಕೆ ಒಂದು ಹಾಸ್ಯಚಿತ್ರಮಾಲೆಯಲ್ಲಿ ಬರುತ್ತಿದ್ದ ಅರ್ಥವಿಲ್ಲದ ಮಾತಿನಿಂದ ‘ಫೂ ಫೈಟರ್’ ಎಂದು ಹೆಸರಿಟ್ಟರು. ೧೯೪೬ರಲ್ಲಿ ಸ್ವೀಡನ್ ದೇಶದ ಜನ ಆಕಾಶದಲ್ಲಿ ಕಂಡದ್ದನ್ನು ‘ಪ್ರೇತರಾಕೆಟ್ಟು’ ಎಂದು ಕರೆದರು. ಆ ದೇಶದ ಸೇನೆಯು ಸಮಿತಿಯೊಂದನ್ನು ನೇಮಿಸಿ, ಕೆರೆಗಳ ತಳವನ್ನೂ ಹುಡುಕಿಸಿತು. ಜರ್ಮನರ ವಿ-೨ ರಾಕೆಟ್ಟುಗಳ ನೆನಪು ಆಗ ಇನ್ನೂ ಬಿಸಿಯಾಗಿತ್ತು. ಇದಕ್ಕೆ ಐವತ್ತು ವರ್ಷ ಹಿಂದೆ, ೧೮೯೬-೯೭ರಲ್ಲಿ, ಅಮೆರಿಕದವರು ಇಂತಹ ಬೆಳಕುಗಳನ್ನು ನಿಗೂಢವಾದ ವಾಯುನೌಕೆಯ ದೀಪಗಳೆಂದು ವರ್ಣಿಸಿದ್ದರು. ಉಪಮೇಯವು ಒಂದೇ ಬಗೆಯ ಬೆಳಕಾಗಿರಬಹುದು. ಉಪಮಾನವನ್ನು ಮಾತ್ರ ಆಯಾ ಕಾಲವು ಒದಗಿಸಿಕೊಡುತ್ತಿತ್ತು.

ಇನ್ನು ‘ಹಾರುವ ತಟ್ಟೆ’ಯ ವಿಷಯ. ೧೯೪೭ರ ಜೂನ್ ೨೪ರಂದು ಕೆನೆತ್ ಆರ್ನಲ್ಡ್ ಎಂಬ ವ್ಯಾಪಾರಿಯು ತನ್ನ ಸ್ವಂತ ವಿಮಾನದಲ್ಲಿ ವಾಷಿಂಗ್ಟನ್ ಸಂಸ್ಥಾನದ ರೇನಿಯರ್ ಪರ್ವತದ ಬಳಿ ಹೋಗುತ್ತಿರುವಾಗ, ಒಂಬತ್ತು ಹೊಳೆಯುವ ವಸ್ತುಗಳು ಸಾಲಾಗಿ ಅತಿವೇಗದಿಂದ ಸಾಗುವುದನ್ನು ಕಂಡನು. ಇದು ಹಗಲಿನ ದರ್ಶನ. ಆದರೂ ಮುಂದಿನ ಇರುಳಿನ ದರ್ಶನಗಳಿಗೆಲ್ಲ ಮಾತನ್ನು ಕೊಟ್ಟದ್ದು ಇದೇ. ಮರುದಿನ ಆತನು ಒರೆಗಾನ್ ಸಂಸ್ಥಾನದ ಪೆಂಡಲ್ಟನ್ ಎಂಬ ಊರಿನ ವೃತ್ತಪತ್ರಿಕೆಯವರಿಗೆ ತಾನು ಕಂಡದ್ದನ್ನು ಹೇಳಿದನು. ನೀರಿನ ಮೇಲೆ ಬಸಿಯನ್ನು ಬೀಸಿ ಎಸೆದರೆ ಅದು ಹೇಗೆ ನೆಗೆನೆಗೆದು ಹೋಗುವುದೋ ಹಾಗೆ ಅವು ಚಲಿಸುತ್ತಿದ್ದುವೆಂಬುದು ತನ್ನ ಹೋಲಿಕೆಯಾಗಿತ್ತೆಂದು ಆತನು ಮುಂದೆ ವಿವರಿಸಿದನು. ನಮ್ಮ ಹುಡುಗರು ಕೆರೆಯ ನೀರಿನ ಮೇಲೆ ಹಂಚಿನ ಚೂರನ್ನು ಎಸೆದು ಆಡುವ ಆಟವನ್ನು ನೆನೆದರೆ ಹೋಲಿಕೆಯ ಔಚಿತ್ಯ ತಿಳಿಯುತ್ತದೆ. ಇಲ್ಲಿ ಸಾಧಾರಣಧರ್ಮವು ಚಲನೆ, ಆಕಾರವಲ್ಲ. ಸೇನೆಗೆ ಆತನು ಬರೆದುಕೊಟ್ಟ ಚಿತ್ರದಲ್ಲಿ ಅವು ಮುಂದೆ ದುಂಡಾಗಿ ಹಿಂದಕ್ಕೆ ಚೂಪಾಗಿವೆ. ಆದರೆ ವೃತ್ತಪತ್ರಿಕೆಗಳು ಎರಡು ಮೂರು ದಿನಗಳೊಳಗಾಗಿ ‘ಹಾರುವ ಬಸಿ’ ಎಂಬ ಸಮಾಸವನ್ನು ಕಟ್ಟಿ ದೇಶವೆಲ್ಲ ಹರಡಿದುವು. ಉಪಮೆಯಲ್ಲಿದ್ದ ‘ಹಾಗೆ’ ಎಂಬ ವಾಚಕವು ಲೋಪವಾಯಿತು, ಸಾಧಾರಣಧರ್ಮವು ಬದಲಾಯಿತು, ರೂಪಕವು ಹುಟ್ಟಿತು, ಕೊನೆಗೆ ರೂಪಕವೂ ಹೋಗಿ ಬರಿಯ ನಾಮಪದವು ಉಳಿಯಿತು. ಆಮೇಲೆ ಜನರು ಕಂಡದ್ದು ಬಹುಮಟ್ಟಿಗೆ ದುಂಡನೆಯ ಬಸಿಗಳನ್ನೇ.

ಇಲ್ಲಿ ನ್ಯಾಯವಾಗಿ ಒಂದು ಮಾತನ್ನು ಸೇರಿಸಬೇಕು. ಆರ್ನಲ್ಡನೇ ತನ್ನ ಮೊದಲ ಹೇಳಿಕೆಗಳಲ್ಲಿ ಕೆಲವೆಡೆ ಆಕಾರಕ್ಕೂ ತಟ್ಟೆ ಬೋಗುಣಿಗಳ ಹೋಲಿಕೆಯನ್ನು ಕೊಟ್ಟಿರುವುದರಿಂದ, ಪತ್ರಿಕೆಯವರ ಮೇಲೆಯೇ ಪೂರ್ತಿ ತಪ್ಪನ್ನು ಹೊರಿಸುವ ಪ್ರಚಲಿತವಾದ ಕಥೆಯು ಸ್ವಲ್ಪ ಅತಿಶಯೋಕ್ತಿಯೇ. ಹಾಗಿದ್ದರೂ ಚಲನೆಯ ವರ್ಣನೆಯು ಮರೆಯಾಗಿ ಆಕಾರವೊಂದೇ ಹೆಸರಿನಲ್ಲಿ ಉಳಿಯಿತೆಂಬುದು ನಿರ್ವಿವಾದ. ಕನ್ನಡದಲ್ಲಿ ನಾವು ಇದನ್ನು ‘ಹಾರುವ ತಟ್ಟೆ’ ಎಂದು ಮಾಡಿಕೊಂಡೆವು. ತಟ್ಟೆಯನ್ನು ನೀರಿನ ಮೇಲೆ ಎಸೆಯುವವರು ಯಾರೂ ಇಲ್ಲ. ಅದು ಊಟಕ್ಕೆ ಇಡತಕ್ಕದ್ದು. ಮೂಲದ ಉಪಮೆಯಲ್ಲಿ ಉಳಿದಿದ್ದ ಅಲ್ಪ ಚಲನೆಯೂ ನಮ್ಮ ಭಾಷಾಂತರದಲ್ಲಿ ಲಯವಾಯಿತು.

ಅದೇ ೧೯೪೭ರ ಸೆಪ್ಟೆಂಬರ್ ೨೩ರಂದು ವಾಯುಸೇನೆಯ ಸಾಮಗ್ರೀ ವಿಭಾಗದ ಮುಖ್ಯಾಧಿಕಾರಿ ನೇಥನ್ ಟ್ವೈನಿಂಗ್ ಅವರು ಮೇಲಧಿಕಾರಿಗಳಿಗೆ ಪತ್ರ ಬರೆದು, ವರದಿಯಾಗುತ್ತಿರುವುದು ಕಲ್ಪನೆಯಲ್ಲ, ನಿಜವಾದದ್ದು ಏನೋ ಇದೆ ಎಂದು ತಮ್ಮ ಅಭಿಪ್ರಾಯವನ್ನು ತಿಳಿಸಿದರು. ಅದರ ಫಲವಾಗಿ ೧೯೪೮ರ ಜನವರಿಯಲ್ಲಿ ಓಹಿಯೋ ಸಂಸ್ಥಾನದ ಡೇಟನ್ ನಗರದ ಬಳಿಯ ವಾಯುನೆಲೆಯಲ್ಲಿ ‘ಸೈನ್’ ಎಂಬ ಗುಪ್ತನಾಮದ ವಿಚಾರಣೆಯು ಆರಂಭವಾಯಿತು. ಸೋವಿಯತ್ ರಷ್ಯವು ಜರ್ಮನ್ ವಿಜ್ಞಾನಿಗಳ ನೆರವಿನಿಂದ ಹೊಸ ವಿಮಾನವನ್ನೇನಾದರೂ ನಿರ್ಮಿಸಿರಬಹುದೆಂಬುದು ಆಗಿನ ಮುಖ್ಯ ಭಯ. ಆರಂಭದಲ್ಲಿಯೇ ಒಂದು ದುರಂತವು ಎದುರಾಯಿತು. ಜನವರಿ ೭ರಂದು ಕೆಂಟಕಿಯಲ್ಲಿ ಆಕಾಶದಲ್ಲಿ ಕಂಡ ಒಂದು ವಸ್ತುವನ್ನು ಬೆನ್ನಟ್ಟಿದ ಥಾಮಸ್ ಮ್ಯಾಂಟೆಲ್ ಎಂಬ ತರುಣ ಕ್ಯಾಪ್ಟನ್, ಪ್ರಾಣವಾಯುವಿನ ಉಪಕರಣವಿಲ್ಲದೆ ೨೦,೦೦೦ ಅಡಿಗಳಿಗೂ ಮೇಲೆ ಏರಿ, ವಿಮಾನದೊಡನೆ ಬಿದ್ದು ಮಡಿದನು. ವಿಚಾರಕರು ಮೊದಲು ಅದು ಶುಕ್ರಗ್ರಹವೆಂದರು. ಶುಕ್ರನು ಆ ದಿಕ್ಕಿನಲ್ಲಿ ಇದ್ದದ್ದು ನಿಜ. ಆದರೆ ನಡುಹಗಲಿನಲ್ಲಿ ಅಷ್ಟು ಜನರ ಕಣ್ಣನ್ನು ಸೆಳೆಯುವಷ್ಟು ಪ್ರಕಾಶವು ಅದಕ್ಕಿರಲಿಲ್ಲ. ನೌಕಾಸೇನೆಯು ರಹಸ್ಯವಾಗಿ ಹಾರಿಸುತ್ತಿದ್ದ ‘ಸ್ಕೈಹುಕ್’ ಎಂಬ ದೊಡ್ಡ ಬೆಲೂನು ಅದಾಗಿದ್ದಿರಬೇಕೆಂಬ ವಿವರಣೆಯು ಆಮೇಲೆ ಬಂದಿತು. ಅದೇ ಹೆಚ್ಚು ಯುಕ್ತವಾಗಿದೆ. ಒಂದು ಸೇನಾವಿಭಾಗದ ಗುಟ್ಟು ಇನ್ನೊಂದಕ್ಕೆ ತಿಳಿಯದಿದ್ದುದರಿಂದ ಬಂದ ತಪ್ಪು ನಿರ್ಣಯವಿದು. ಅವಸರದ ಸಮಾಧಾನವೂ ಒಂದು ಬಗೆಯ ಭ್ರಾಂತಿಮಂತವೇ.

ಆ ವರ್ಷದ ಜುಲೈ ೨೪ರ ರಾತ್ರಿ ಸುಮಾರು ಎರಡೂಮುಕ್ಕಾಲು ಗಂಟೆಗೆ ಅಲಬಾಮ ಸಂಸ್ಥಾನದ ಮಾಂಟ್‌ಗೊಮರಿಯ ಬಳಿ ಪ್ರಯಾಣಿಕರ ವಿಮಾನವನ್ನು ನಡೆಸುತ್ತಿದ್ದ ಚೈಲ್ಸ್ ಮತ್ತು ವಿಟೆಡ್ ಎಂಬ ಇಬ್ಬರು ಅನುಭವಶಾಲಿಗಳು ಕಂಡದ್ದು ಮತ್ತೂ ವಿಸ್ಮಯಕರ. ರೆಕ್ಕೆಗಳಿಲ್ಲದ, ಚುಟ್ಟದ ಆಕಾರದ, ಸಾಲು ಕಿಟಕಿಗಳಲ್ಲಿ ಬೆಳಕು ಬೆಳಗುತ್ತಿರುವ, ಹಿಂದೆ ಬೆಂಕಿಯನ್ನುಗುಳುವ ವಾಹನವೊಂದು ತಮ್ಮ ಪಕ್ಕದಲ್ಲಿಯೇ ಹಾದುಹೋಯಿತೆಂದು ಅವರು ಹೇಳಿದರು. ‘ಸೈನ್’ ವಿಭಾಗದ ಕೆಲವರು ಇದರಿಂದ ಅನ್ಯಗ್ರಹದ ವಾಹನವೆಂಬ ಪಕ್ಷಕ್ಕೆ ಒಲಿದರು. ಖಗೋಳಶಾಸ್ತ್ರಜ್ಞರಾಗಿ ಸಲಹೆ ಕೊಡುತ್ತಿದ್ದ ಅಲೆನ್ ಹೈನೆಕ್ ಅವರು ಮಾತ್ರ ಇದು ಉಜ್ಜ್ವಲವಾದ ಉಲ್ಕೆಯಾಗಿರಬಹುದೆಂದು ಸೂಚಿಸಿದರು. ಉಲ್ಕೆಗೆ ಕಿಟಕಿಗಳೆಲ್ಲಿಂದ ಬಂದುವು ಎಂಬ ಆಕ್ಷೇಪಕ್ಕೆ ಆಗ ತೃಪ್ತಿಕರವಾದ ಉತ್ತರವಿರಲಿಲ್ಲ. ಉತ್ತರವು ಇಪ್ಪತ್ತು ವರ್ಷಗಳ ಮೇಲೆ ಬಂದಿತು. ಅದನ್ನು ಮುಂದೆ ಹೇಳುವೆವು.

೧೯೪೯ರಲ್ಲಿ ವಿಚಾರಣೆಗೆ ‘ಗ್ರಡ್ಜ್’ ಎಂಬ ಹೆಸರು ಬಂದಿತು. ಅಸಮಾಧಾನವೆಂದು ಇದರ ಅರ್ಥ; ಕಾರ್ಯವೂ ಹೆಸರಿಗೆ ತಕ್ಕಂತೆಯೇ ಮನಸ್ಸಿಲ್ಲದೆ ನಡೆಯಿತು. ೧೯೫೨ರಲ್ಲಿ ಎಡ್ವರ್ಡ್ ರೂಪೆಲ್ಟ್ ಎಂಬ ಕ್ಯಾಪ್ಟನ್ನರ ಆಡಳಿತದಲ್ಲಿ ಅದು ‘ಬ್ಲೂ ಬುಕ್’ ಆಯಿತು. ಅಮೆರಿಕದ ಕಾಲೇಜುಗಳಲ್ಲಿ ವಿದ್ಯಾರ್ಥಿಗಳು ಪರೀಕ್ಷೆಯ ಉತ್ತರವನ್ನು ಬರೆಯುವ ನೀಲಿ ಹೊದಿಕೆಯ ಪುಸ್ತಕದಿಂದ ಬಂದ ಹೆಸರಿದು. ಉಪಾಧ್ಯಾಯರಾದ ನಮ್ಮ ವಾಚಕರಿಗೆ ಇದರ ಸ್ವಾರಸ್ಯವನ್ನು ವಿವರಿಸಬೇಕಾಗಿಲ್ಲ. ರೂಪೆಲ್ಟರಿಗೆ ಶಬ್ದದ ವಿಷಯದಲ್ಲಿ ಎಚ್ಚರವಿತ್ತು. ‘ಹಾರುವ ಬಸಿ’ ಎಂಬ ಮಾತು ಎಲ್ಲ ಆಕಾರಗಳಿಗೂ ಒಪ್ಪದೆಂದು ಅವರು ‘ಗುರುತು ಸಿಕ್ಕದ ಹಾರುವ ವಸ್ತು’ ಎಂಬರ್ಥದ ಪದಪುಂಜವನ್ನು ರೂಢಿಗೆ ತಂದರು. ಸಂಶಯವನ್ನು ಸಂಶಯವಾಗಿಯೇ ಹೇಳುವ ಪ್ರಾಮಾಣಿಕವಾದ ಹೆಸರಿದು. ಆದರೂ ‘ಹಾರುವ’ ಎಂದೂ ‘ವಸ್ತು’ ಎಂದೂ ಅನ್ನುವಾಗ ಎರಡು ನಿರ್ಣಯಗಳು ಗುಟ್ಟಾಗಿ ಒಳಕ್ಕೆ ನುಗ್ಗಿವೆ. ಕನ್ನಡದ ವೃತ್ತಪತ್ರಿಕೆಗಳಲ್ಲಿ ಬರುವ ‘ಗುರುತಿಸಲಾಗದ’ ಎಂಬ ರೂಪವು ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತದೆ. ‘ಗುರುತಿಸದೆ ಇರುವ’ ಎಂಬುದಕ್ಕೂ ‘ಗುರುತಿಸಲು ಆಗದ’ ಎಂಬುದಕ್ಕೂ ಇರುವ ಅಂತರವು ವ್ಯಾಕರಣವನ್ನು ಬಲ್ಲವರಿಗೆ ಅಲ್ಪವಲ್ಲ. ಮೊದಲನೆಯದು ನೋಡಿದವನ ಅವಸ್ಥೆ, ಎರಡನೆಯದು ವಸ್ತುವಿಗೆ ಅಂಟಿಸಿದ ಧರ್ಮ.

ಈ ವಿಭಾಗದ ಪ್ರಶ್ನಾವಳಿಯಲ್ಲಿದ್ದ ಒಂದು ಪ್ರಶ್ನೆಯು ವಿಶೇಷವಾಗಿ ಗಮನಿಸತಕ್ಕದ್ದಾಗಿದೆ. ಆಕಾಶದಲ್ಲಿ ಕಂಡ ವಸ್ತು ಎಷ್ಟು ದೊಡ್ಡದೆಂದು ಕೇಳಿದರೆ, ಒಬ್ಬನು ಮನೆಯಷ್ಟು ಎನ್ನುವನು, ಒಬ್ಬನು ಬಂಡಿಯ ಚಕ್ರದಷ್ಟು ಎನ್ನುವನು. ದೂರವು ತಿಳಿಯದಿರುವಾಗ ಈ ಎರಡು ಮಾತುಗಳಿಗೂ ಅರ್ಥವಿಲ್ಲ. ಆದುದರಿಂದ ಪ್ರಶ್ನಾವಳಿಯು ಹೀಗೆ ಕೇಳಿತು: ತೋಳನ್ನು ಪೂರ್ತಿಯಾಗಿ ಚಾಚಿ ಹಿಡಿದರೆ ಯಾವುದು ಅದರಷ್ಟು ಕಾಣುತ್ತಿತ್ತು; ಗುಂಡುಸೂಜಿಯ ತಲೆಯೋ, ಬಟಾಣಿಯ ಕಾಳೋ, ಇಂತಿಂತಹ ನಾಣ್ಯವೋ? ಹುಣ್ಣಿಮೆಯ ಚಂದ್ರನನ್ನೇ ಚಾಚಿದ ಕೈಯಲ್ಲಿರುವ ಒಂದು ಬಟಾಣಿಯು ಮುಚ್ಚಬಲ್ಲುದು. ಆಕಾಶದಲ್ಲಿ ಅದರ ವಿಸ್ತಾರವು ಅರ್ಧ ಅಂಶ ಮಾತ್ರ. ಹೀಗೆ ಕೇಳಿದರೆ ಹೋಲಿಕೆಯು ಹೋಲಿಕೆಯಾಗಿಯೇ ಉಳಿದು, ಅಳತೆಯೂ ಆಗುತ್ತದೆ. ಉಪಮೆಯನ್ನು ಬಿಡಬೇಕೆಂದು ವಿಚಾರಕರು ಹೇಳಲಿಲ್ಲ. ಅದರ ಸಾಧಾರಣಧರ್ಮವು ಯಾವುದೆಂಬುದನ್ನು ಸ್ಪಷ್ಟಪಡಿಸಿಕೊಂಡರು. ಆ ಇಪ್ಪತ್ತೊಂದು ವರ್ಷದ ಉದ್ಯಮದಲ್ಲೆಲ್ಲ ಈ ಒಂದು ಪ್ರಶ್ನೆಯೇ ಅತ್ಯಂತ ಶ್ರೇಷ್ಠವಾದುದೆಂದು ಈ ಲೇಖಕನ ಮತ.

೧೯೫೨ರ ಜುಲೈ ೧೯-೨೦ ಮತ್ತು ೨೬-೨೭ರ ರಾತ್ರಿಗಳಲ್ಲಿ ರಾಜಧಾನಿಯಾದ ವಾಷಿಂಗ್ಟನ್ ನಗರದ ಮೇಲೆಯೇ ರೇಡಾರ್ ಯಂತ್ರಗಳಲ್ಲಿ ಗುರುತಿಲ್ಲದ ಚುಕ್ಕೆಗಳು ಕಾಣಿಸಿಕೊಂಡು, ಯುದ್ಧವಿಮಾನಗಳನ್ನು ಕಳುಹಿಸಬೇಕಾಯಿತು. ನೆಲದ ಬಳಿಯ ತಂಪು ಗಾಳಿಯ ಮೇಲೆ ಬಿಸಿ ಗಾಳಿಯ ಪದರವು ಕೂತು ರೇಡಾರಿನ ಅಲೆಗಳನ್ನು ಬಾಗಿಸಿತೆಂಬ ವಿವರಣೆಯನ್ನು ಜುಲೈ ೨೯ರಂದು ಜನರಲ್ ಸ್ಯಾಮ್‌ಫರ್ಡ್ ಅವರು ಪತ್ರಿಕಾಕರ್ತರ ಮುಂದಿಟ್ಟರು. ಗುಪ್ತಚಾರ ಇಲಾಖೆಗೆ ಚಿಂತೆಯಾದದ್ದು ಬೆಳಕುಗಳಿಗಿಂತ ಬೆಳಕುಗಳ ಸುದ್ದಿಗಳ ವಿಷಯ. ೧೯೫೩ರ ಜನವರಿಯಲ್ಲಿ ರಾಬರ್ಟ್‌ಸನ್ ಎಂಬ ಭೌತವಿಜ್ಞಾನಿಗಳ ಅಧ್ಯಕ್ಷತೆಯಲ್ಲಿ ಸೇರಿದ ವಿದ್ವಾಂಸರ ಮಂಡಲಿಯು, ಇವುಗಳಿಂದ ದೇಶಕ್ಕೆ ನೇರವಾದ ಅಪಾಯವಿಲ್ಲವೆಂದೂ, ನಿಜವಾದ ದಾಳಿಯ ಸಮಯದಲ್ಲಿ ಸುಳ್ಳು ವರದಿಗಳ ರಾಶಿಯು ಎಚ್ಚರಿಕೆಯ ಮಾರ್ಗಗಳನ್ನೇ ಮುಚ್ಚಿಬಿಡಬಹುದೆಂಬುದೇ ಅಪಾಯವೆಂದೂ ತೀರ್ಮಾನಿಸಿತು. ಜನರ ಕುತೂಹಲವನ್ನು ತಗ್ಗಿಸತಕ್ಕದ್ದೆಂದು ಅದು ಮಾಡಿದ ಸೂಚನೆಯು ವಿವೇಕದ್ದಲ್ಲವೆಂದು ಹೇಳಲೇಬೇಕು. ಸಂಶಯವನ್ನು ನಿವಾರಿಸುವುದೂ ಸಂಶಯಪಡುವವರನ್ನು ಸುಮ್ಮನಾಗಿಸುವುದೂ ಒಂದೇ ಅಲ್ಲ. ಸೇನೆಯ ಮಾತಿನಲ್ಲಿ ಜನರ ವಿಶ್ವಾಸವು ಇಲ್ಲಿಂದ ಕುಗ್ಗುತ್ತ ಹೋಯಿತು.

ಪೂರ್ವಪಕ್ಷವನ್ನು ಇಲ್ಲಿ ಮರೆಮಾಚಲಾಗದು. ಬ್ಯಾಟೆಲ್ ಎಂಬ ಸಂಶೋಧನ ಸಂಸ್ಥೆಯು ವಾಯುಸೇನೆಗಾಗಿ ೩,೨೦೧ ವರದಿಗಳನ್ನು ಗಣಿತಕ್ರಮದಿಂದ ಪರಿಶೀಲಿಸಿತು. ಇದರ ಫಲವು ೧೯೫೫ರಲ್ಲಿ ಪ್ರಕಟವಾಯಿತು. ನೂರಕ್ಕೆ ಸುಮಾರು ೨೨ ವರದಿಗಳಲ್ಲಿ ಗುರುತು ಸಿಕ್ಕಲಿಲ್ಲ. ಮಾಹಿತಿ ಸಾಲದ ವರದಿಗಳನ್ನು ಇವಕ್ಕೆ ಸೇರಿಸದೆ ಬೇರೆಯಾಗಿಯೇ ಎಣಿಸಿದ್ದರು. ಮತ್ತೂ ವಿಚಿತ್ರವೆಂದರೆ, ಉತ್ತಮವೆಂದು ಎಣಿಸಿದ ವರದಿಗಳಲ್ಲಿ ನೂರಕ್ಕೆ ೩೫ ಗುರುತಿಲ್ಲದವು. ಅತಿ ಕಳಪೆಯಾದವುಗಳಲ್ಲಿ ೧೮ ಮಾತ್ರ. ಮಾತಿನ ದೋಷದಿಂದಲೇ ಸಂಶಯವು ಹುಟ್ಟುವುದಾದರೆ, ಒಳ್ಳೆಯ ವರದಿಗಳಲ್ಲಿ ಅದು ಕಡಮೆಯಾಗಬೇಕಾಗಿತ್ತಲ್ಲವೆ? ಈ ಆಕ್ಷೇಪವು ಬಲವಾದದ್ದು. ಇದಕ್ಕೆ ಪೂರ್ಣವಾದ ಸಮಾಧಾನವನ್ನು ಈ ಲೇಖಕನು ಹೇಳಲಾರನು. ಒಂದು ಅಂಶವನ್ನು ಮಾತ್ರ ಸೂಚಿಸಬಹುದು: ವರದಿಯ ಉತ್ತಮತ್ವವನ್ನು ಎಣಿಸುವಾಗ ಸಾಕ್ಷಿಯ ಯೋಗ್ಯತೆಯೂ ಕಥನದ ಸುಸಂಗತಿಯೂ ಲೆಕ್ಕಕ್ಕೆ ಬಂದಿದ್ದುವು. ಲಿಪಿಕಾರನು ಪಂಡಿತನಾಗಿದ್ದಷ್ಟೂ ಅವನ ಪ್ರತಿಯು ಸುಸಂಗತವಾಗಿರುವುದೆಂದೂ, ಅರ್ಥವಾಗದೆಡೆಯಲ್ಲಿ ತಾನೇ ತಿದ್ದಿ ಬರೆಯುವ ಧೈರ್ಯವು ಅವನಿಗೇ ಹೆಚ್ಚೆಂದೂ ಗ್ರಂಥಸಂಪಾದಕರು ಅನುಭವದಿಂದ ಬಲ್ಲರು.

ಇದಕ್ಕೆ ನಿದರ್ಶನವಾಗಿ ಹಿಂದೆ ಹೇಳಿದ ಕಿಟಕಿಗಳ ವಿಷಯಕ್ಕೆ ಬರೋಣ. ೧೯೬೮ರ ಮಾರ್ಚಿ ೩ರ ರಾತ್ರಿ, ಸೋವಿಯತ್ ರಷ್ಯದ ‘ಜೋಂಡ್ ೪’ ಎಂಬ ನೌಕೆಯ ಉಡ್ಡಯನಕ್ಕೆ ಸಂಬಂಧಿಸಿದ ಅವಶೇಷವು ವಾಯುಮಂಡಲವನ್ನು ಹೊಕ್ಕು, ಅಮೆರಿಕದ ಪೂರ್ವಭಾಗದ ಮೇಲೆ ಚೂರುಚೂರಾಗಿ ಉರಿಯುತ್ತ ಹೋಯಿತು. ಅನೇಕರು ಕಂಡರು, ಹಲವರು ವಾಯುಸೇನೆಗೆ ಬರೆದರು. ಇಲ್ಲಿ ವಸ್ತುವೇನೆಂಬುದು ವಿಚಾರಕರಿಗೆ ಗೊತ್ತಿತ್ತು. ಅಂದರೆ ಮೂಲಪ್ರತಿಯೇ ಕೈಯಲ್ಲಿದ್ದು ಪಾಠಾಂತರಗಳನ್ನು ನೋಡುವ ಅಪೂರ್ವ ಅವಕಾಶವು ಒದಗಿತು. ಬಹುಮಂದಿ ಉರಿಯುವ ತುಂಡುಗಳ ಸಾಲೆಂದು ಸರಿಯಾಗಿಯೇ ಬರೆದಿದ್ದರು. ಕೆಲವರು ಮಾತ್ರ ಆ ಬಿಡಿಬಿಡಿಯಾದ ಬೆಳಕುಗಳನ್ನು ಒಂದು ಕರಿಯ ಒಡಲಿನ ಕಿಟಕಿಗಳೆಂದು ತಿಳಿದು, ಚುಟ್ಟದ ಆಕಾರದ ನೌಕೆಯು ಸಮೀಪದಲ್ಲಿಯೇ ಹಾದುಹೋಯಿತೆಂದು ವರ್ಣಿಸಿದರು. ಓಹಿಯೋದ ಒಬ್ಬ ಸುಶಿಕ್ಷಿತೆಯಾದ ಉಪಾಧ್ಯಾಯಿನಿಯು ದುರ್ಬೀನಿನಿಂದ ನೋಡಿ, ಬೋರಲಾಗಿಟ್ಟ ಬಸಿಯಂತಹ ಮೂರು ವಾಹನಗಳನ್ನು ಕಂಡುದಾಗಿಯೂ, ತನ್ನ ನಾಯಿಯು ಭಯಪಟ್ಟುದಾಗಿಯೂ ತಿಳಿಸಿದಳು. ಕಾಲರಾಡೋ ವಿಶ್ವವಿದ್ಯಾನಿಲಯದಲ್ಲಿ ಎಡ್ವರ್ಡ್ ಕಾಂಡನ್ ಅವರ ನೇತೃತ್ವದಲ್ಲಿ ನಡೆದ ತನಿಖೆಗಾಗಿ ಈ ಪತ್ರಗಳನ್ನೆಲ್ಲ ಹೋಲಿಸಿ ನೋಡಿದ ವಿಲಿಯಂ ಹಾರ್ಟ್‌ಮನ್ ಅವರು, ಬೆಳಕುಗಳ ನಡುವಿನ ಕತ್ತಲೆಯನ್ನು ಒಡಲಾಗಿ ಕಟ್ಟಿಕೊಳ್ಳುವ ಈ ಮನೋವ್ಯಾಪಾರಕ್ಕೆ ‘ವಾಯುನೌಕಾಪರಿಣಾಮ’ ಎಂಬರ್ಥದ ಹೆಸರನ್ನೇ ಕೊಟ್ಟರು. ಇದರಲ್ಲಿ ಸುಳ್ಳು ಹೇಳಿದವರು ಯಾರೂ ಇಲ್ಲ.

ಕಾಂಡನ್ ಅವರ ತನಿಖೆಯು ಹುಟ್ಟಿದುದಕ್ಕೆ ಕಾರಣವೂ ಒಂದು ಶಬ್ದವೇ. ೧೯೬೬ರ ಮಾರ್ಚಿಯಲ್ಲಿ ಮಿಚಿಗನ್ ಸಂಸ್ಥಾನದ ಡೆಕ್ಸ್ಟರ್, ಹಿಲ್ಸ್‌ಡೇಲ್ ಎಂಬ ಊರುಗಳಲ್ಲಿ ಜೌಗುನೆಲದ ಬಳಿ ಬೆಳಕುಗಳು ಕಂಡುವು. ಹೈನೆಕ್ ಅವರು ಪತ್ರಿಕಾಕರ್ತರಿಗೆ ಉತ್ತರಕೊಡುವಾಗ ಇವು ಜೌಗಿನ ಅನಿಲವಾಗಿರಬಹುದೆಂದರು. ‘ಬಹುದು’ ಎಂಬುದನ್ನು ಯಾರೂ ಕೇಳಲಿಲ್ಲ. ‘ಜೌಗಿನ ಅನಿಲ’ ಎಂಬುದು ದೇಶದಲ್ಲೆಲ್ಲ ನಗೆಯ ಮಾತಾಯಿತು, ತಮ್ಮನ್ನು ಮೂಢರೆಂದು ಹಳಿದಂತಾಯಿತೆಂದು ಜನರು ಕೆರಳಿದರು. ನಮ್ಮ ಹಳ್ಳಿಗಳಲ್ಲಿ ಇಂತಹ ಬೆಳಕಿಗೆ ‘ಕೊಳ್ಳಿದೆವ್ವ’ ಎಂದು ಹೆಸರಿರುವುದು ಸರ್ವವಿದಿತ. ‘ಕೊಳ್ಳಿ’ಯೆಂಬಲ್ಲಿ ಉಪಮಾನವೂ ‘ದೆವ್ವ’ವೆಂಬಲ್ಲಿ ಸಿದ್ಧಾಂತವೂ ಒಂದೇ ಸಮಾಸದಲ್ಲಿ ಕೂಡಿವೆ. ‘ಉಲ್ಕೆ’ಯೆಂಬ ಸಂಸ್ಕೃತಶಬ್ದಕ್ಕೂ ಕೊಳ್ಳಿಯೆಂಬ ಅರ್ಥವುಂಟು, ಅಲ್ಲಿ ಸಿದ್ಧಾಂತವಿಲ್ಲ, ಹೋಲಿಕೆ ಮಾತ್ರ. ‘ಜೌಗಿನ ಅನಿಲ’ದಲ್ಲಿ ಹೋಲಿಕೆಯಿಲ್ಲ, ಸಿದ್ಧಾಂತ ಮಾತ್ರ. ಕಂಡದ್ದರ ಚೆಲುವಾಗಲಿ ಭಯವಾಗಲಿ ಅದರಲ್ಲಿ ಏನೂ ಇಲ್ಲದಿದ್ದುದೇ ಜನರ ಕೋಪಕ್ಕೆ ಮೂಲವೆಂದು ತೋರುತ್ತದೆ.

ಕಾಂಡನ್ ಅವರ ವರದಿಯು ೧೯೬೯ರ ಜನವರಿಯಲ್ಲಿ ಹೊರಬಿದ್ದಿತು. ಇನ್ನು ಮುಂದೆ ವಿಸ್ತಾರವಾಗಿ ಪರಿಶೀಲಿಸುವುದರಿಂದ ವಿಜ್ಞಾನಕ್ಕೆ ಪ್ರಯೋಜನವು ತೋರದೆಂಬುದು ಅದರ ಮತ. ಡಿಸೆಂಬರ್ ೧೭ರಂದು ‘ಬ್ಲೂ ಬುಕ್’ ಮುಕ್ತಾಯವಾಯಿತೆಂದು ಪ್ರಕಟಿಸಲಾಯಿತು. ಒಟ್ಟು ೧೨,೬೧೮ ದರ್ಶನಗಳಲ್ಲಿ ೭೦೧ ಗುರುತಿಲ್ಲದೆ ಉಳಿದುವು. ಈ ೭೦೧ ಎಂಬ ಸಂಖ್ಯೆಯನ್ನು ಒಂದು ಪಕ್ಷದವರು ಅನ್ಯಲೋಕದ ವಾಹನಗಳ ಸಂಖ್ಯೆಯಂತೆಯೂ, ಮತ್ತೊಂದು ಪಕ್ಷದವರು ಸೊನ್ನೆಯಂತೆಯೂ ಓದುತ್ತ ಬಂದಿದ್ದಾರೆ. ಎರಡೂ ಸಾಧುವಲ್ಲ. ಅದು ಮೋಟುಮರಗಳ ಎಣಿಕೆಯೂ ಅಲ್ಲ, ಮನುಷ್ಯರ ಎಣಿಕೆಯೂ ಅಲ್ಲ. ವಿಶೇಷವು ದೊರೆಯದ ಸಂಶಯಗಳ ಎಣ್ಣಿಕೆ. ೨೦೨೨ರಲ್ಲಿ ಅಮೆರಿಕದ ರಕ್ಷಣಾ ಇಲಾಖೆಯು ಇದೇ ಕಾರ್ಯಕ್ಕಾಗಿ ಹೊಸ ಕಚೇರಿಯನ್ನು ತೆರೆಯಿತು. ಆಗ ರೂಢಿಗೆ ಬಂದ ಹೆಸರಿನಲ್ಲಿ ‘ಹಾರುವ’ ಎಂಬುದೂ ‘ವಸ್ತು’ ಎಂಬುದೂ ಇಲ್ಲ. ‘ಗುರುತು ಸಿಕ್ಕದ ಅಸಾಧಾರಣ ಸಂಗತಿಗಳು’ ಎಂದು ಅದರ ತಾತ್ಪರ್ಯ. ಶಬ್ದವನ್ನು ತಿದ್ದಿಕೊಳ್ಳಲು ಎಪ್ಪತ್ತು ವರ್ಷಗಳು ಹಿಡಿದುವು.

ಕಡೆಗೆ ನಮ್ಮ ದೇಶದ ಪ್ರಸಂಗ. ೨೦೧೨ರ ಆಗಸ್ಟಿನಿಂದ ೨೦೧೩ರ ಫೆಬ್ರವರಿಯವರೆಗೆ ಲಡಾಖಿನ ಪ್ಯಾಂಗಾಂಗ್ ಸರೋವರದ ಬಳಿಯ ಠಾಕುಂಗ್ ಎಂಬಲ್ಲಿದ್ದ ನಮ್ಮ ಸೈನಿಕರು ಇರುಳಿನಲ್ಲಿ ಚೀನದ ಕಡೆಯಿಂದ ಬರುವ ಬೆಳಕುಗಳನ್ನು ೩೨೯ ಬಾರಿ ಕಂಡು ದಾಖಲೆ ಮಾಡಿದರು. ಅವುಗಳಲ್ಲಿ ೧೫೫ ಬಾರಿ ಅವು ನಿಯಂತ್ರಣರೇಖೆಯನ್ನು ದಾಟಿದುವೆಂದು ಎಣಿಸಲಾಗಿತ್ತು. ಬೇಹಿನ ವಿಮಾನಗಳೆಂಬ ಶಂಕೆಯು ಸಹಜವಾದದ್ದೇ. ರೇಡಾರಿಗೆ ಅವು ಸಿಕ್ಕಲಿಲ್ಲವೆಂದೂ, ಆದಕಾರಣ ಅವು ಲೋಹದವಾಗಿರಲಾರವೆಂದು ಊಹಿಸಲಾಯಿತೆಂದೂ ಆಗಿನ ವೃತ್ತಪತ್ರಿಕೆಗಳು ವರದಿ ಮಾಡಿದುವು. ರೇಡಾರಿಗೆ ಸಿಕ್ಕದ ವಸ್ತುವು ಲೋಹವಲ್ಲದಿರುವುದು ಹೇಗೋ ಹಾಗೆ ಬಹು ದೂರದ್ದಾಗಿರುವುದೂ ಸಾಧ್ಯವಷ್ಟೆ; ಸಮೀಪದ್ದೆಂಬ ನಿರ್ಣಯವನ್ನು ಮೊದಲೇ ಮಾಡಿಕೊಂಡ ಮೇಲೆ ಈ ಎರಡನೆಯ ಕೋಟಿಯು ಯಾರ ಮನಸ್ಸಿಗೂ ಹೊಳೆಯದು. ಸೇನೆಯು ಬೆಂಗಳೂರಿನಲ್ಲಿ ಕೇಂದ್ರವನ್ನುಳ್ಳ ಭಾರತೀಯ ಖಭೌತವಿಜ್ಞಾನ ಸಂಸ್ಥೆಯ ಸಹಾಯವನ್ನು ಕೋರಿತು. ಅದೇ ಲಡಾಖಿನ ಹಾನ್ಲೆಯಲ್ಲಿ ಆ ಸಂಸ್ಥೆಯ ವೀಕ್ಷಣಾಲಯವಿರುವುದರಿಂದ ಅಲ್ಲಿಯ ಆಕಾಶವು ಅದರ ವಿದ್ವಾಂಸರಿಗೆ ಹೊಸದಲ್ಲ. ಕಂಡ ಹೊತ್ತನ್ನೂ ಸ್ಥಾನವನ್ನೂ ಗ್ರಹಗತಿಯೊಡನೆ ಹೋಲಿಸಿ ಅವರು ಕೊಟ್ಟ ನಿರ್ಣಯವು ೨೦೧೩ರ ಜುಲೈಯಲ್ಲಿ ಪತ್ರಿಕೆಗಳಲ್ಲಿ ಬಂದಿತು: ಒಂದು ಬೆಳಕು ಗುರುಗ್ರಹ, ಇನ್ನೊಂದು ಶುಕ್ರ.

ಪಂಚಾಂಗವನ್ನು ತೆರೆದರೆ ಇದು ಸ್ಪಷ್ಟವಾಗುತ್ತದೆ. ೨೦೧೨ರ ಡಿಸೆಂಬರ್ ಮೊದಲ ವಾರದಲ್ಲಿ ಗುರುವು ಸೂರ್ಯನಿಗೆ ಎದುರಾಗಿದ್ದು, ಸಂಜೆ ಪೂರ್ವದಲ್ಲಿ ಮೂಡಿ ರಾತ್ರಿಯೆಲ್ಲ ಬೆಳಗುತ್ತಿದ್ದನು. ಶುಕ್ರನು ಆ ತಿಂಗಳುಗಳಲ್ಲಿ ಬೆಳಗಿನ ಜಾವದ ನಕ್ಷತ್ರವಾಗಿದ್ದನು. ಗಡಿಯ ಆಚೆಯ ದೇಶವೂ ಪೂರ್ವಕ್ಕೇ ಇದೆ. ತೆಳುವಾದ ಬೆಟ್ಟದ ಗಾಳಿಯಲ್ಲಿ ಎರಡೂ ಅತಿಶಯವಾಗಿ ಹೊಳೆಯುತ್ತವೆ. ಕತ್ತಲೆಯಲ್ಲಿ ಒಂಟಿ ಬೆಳಕನ್ನು ನೆಟ್ಟ ನೋಟದಿಂದ ನೋಡುತ್ತಿದ್ದರೆ ಅದು ಅಲುಗಾಡಿದಂತೆ ತೋರುವುದು ಕಣ್ಣಿನ ಸ್ವಭಾವ. ಭೂಮಿಯ ಭ್ರಮಣದಿಂದ ಗ್ರಹವು ಶಿಖರದ ಒಂದು ಕಡೆಯಿಂದ ಇನ್ನೊಂದು ಕಡೆಗೆ ಸರಿದರೆ, ಕಾವಲಿನವನಿಗೆ ಅದು ರೇಖೆಯನ್ನು ದಾಟಿದ ಹಾಗೆಯೇ ಕಾಣುವುದು. ಇವರನ್ನು ನಗುವುದು ಅನ್ಯಾಯ. ಕೊರೆಯುವ ಚಳಿಯಲ್ಲಿ ೩೨೯ ಬಾರಿ ಕಂಡದ್ದನ್ನು ಅವರು ಉಪೇಕ್ಷಿಸದೆ ಬರೆದಿಟ್ಟರು. ಎಣಿಸಿ ದಾಖಲಿಸಿದ್ದುದರಿಂದಲೇ ಉತ್ತರವು ಸಿಕ್ಕಿತು. ಮುಂದಿನ ಏಪ್ರಿಲಿನಲ್ಲಿ ಅದೇ ಲಡಾಖಿನ ದೆಪ್ಸಾಂಗ್ ಬಯಲಿನಲ್ಲಿ ಎರಡು ಸೇನೆಗಳೂ ಮೂರು ವಾರ ಎದುರುಬದುರಾಗಿ ಬೀಡುಬಿಟ್ಟುದನ್ನು ನೆನೆದರೆ, ಆ ಚಳಿಗಾಲದಲ್ಲಿ ಗುಂಡಿಗೆ ಮೊದಲು ಪ್ರಶ್ನೆಯನ್ನು ಕಳುಹಿಸಿದವರ ವಿವೇಕವು ಎಷ್ಟು ದೊಡ್ಡದೆಂಬುದು ತಿಳಿಯುವುದು. ಆ ೩೨೯ ದರ್ಶನಗಳಲ್ಲಿ ಬೆಳಗಿನ ಜಾವದವುಗಳನ್ನು ನಮ್ಮ ಒಕ್ಕಲಿಗರು ಕಂಡಿದ್ದರೆ ಅವರಿಗೆ ಹೊಸ ಹೆಸರೇನೂ ಬೇಕಾಗುತ್ತಿರಲಿಲ್ಲ. ಬೆಳ್ಳಿ ಮೂಡಿತೆಂದು ಹೇಳಿ ಎತ್ತುಗಳನ್ನು ಬಿಚ್ಚುತ್ತಿದ್ದರು.